ಬಾಜೂಮನಿ ಅಕ್ಕನ ಎರಡು ಹೆಸರು

ಅಗಸಿ ಹಿಂಡಿಯ ವಾಸನೆಯನ್ನು ಬ್ಯಾಗಿನೊಳಗೆ ಬಚ್ಚಿಡಲು ಆಗುವುದಿಲ್ಲ. ಈ ವಾರ ನಮ್ಮ ವಿಭಾಗದಲ್ಲಿ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸಿನ ಮೊದಲ ಸೆಮಿಸ್ಟರಿಗೆ ವಿಷಯ ನೋಂದಣಿ ನಡೆದಿದೆ. ಮೇಜಿನ ಈಚೆ ನಾನು ಕೂತಿದ್ದೇನೆ, ಆಚೆ ಬಾಗಿಲು ದಾಟಿ ವರಾಂಡದವರೆಗೆ ಹೊಸ ಹುಡುಗಿಯರ ಸಾಲು. ಮೊನ್ನೆ ಒಬ್ಬಳು ತನ್ನ ಸರದಿ ಬಂದಾಗ ಬ್ಯಾಗಿನ ಜಿಪ್ಪು ಎಳೆದಳು. ಮಾರ್ಕ್ಸ್ ಕಾರ್ಡಿಗಿಂತ ಮೊದಲು ಹಿಂಡಿಯ ವಾಸನೆ ಹೊರಗೆ ಬಂತು. ಆ ಅಗಸೆ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಸಡಿಲಾಗಿ ಎಣ್ಣೆಯೆಲ್ಲ ಕಾಗದಗಳ ಕವರಿಗೆ ಇಳಿದಿತ್ತು.

“ಸ್ವಾರಿ ಮೇಡಮ್ಮರ, ಅವ್ವ ಎಣ್ಣಿ ಭಾಳ ಹಾಕ್ಯಾಳ್ರಿ,” ಎಂದು ಹುಡುಗಿ ದುಪಟ್ಟಾದಿಂದ ಕವರು ಒರೆಸತೊಡಗಿದಳು.

ಇರಲಿ ಬಿಡವ್ವಾ ಎಂದೆ. ಎಂದೆನೇನೋ ನಿಜ, ಆದರೆ ಆಮೇಲೆ ಆ ಹುಡುಗಿಯ ಹೆಸರನ್ನು ಎರಡು ಸಲ ತಪ್ಪು ಟೈಪ್ ಮಾಡಿದೆ. ಇದೇ ಕಟ್ಟಡದ ಇದೇ ವರಾಂಡದಲ್ಲಿ ನಾನೂ ಹೀಗೇ ಸಾಲಿನಲ್ಲಿ ನಿಂತಿದ್ದೆ. ನನ್ನ ಹಿಂದೆ ನಿಂತಿದ್ದವಳ ಬ್ಯಾಗಿನಿಂದ ಇದೇ ವಾಸನೆ ಬರುತ್ತಿತ್ತು... ಅವಳು ನಮ್ಮ ಬಾಜೂಮನಿ ಅಕ್ಕ.

ಟಿಕೋಟಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವಳ ಅಪ್ಪ ಕನ್ನಡ ಸಾಲಿ ಮಾಸ್ತರರು. ನಮ್ಮ ಓಣಿಗೆ ಮೊದಲು ಕಂಪ್ಯೂಟರ್ ಬಂದದ್ದು ಅವರ ಮನೆಗೆ. ಅದು ಯಾರೋ ಬಳಸಿ ಬಿಟ್ಟದ್ದು. ಅಕ್ಕನ ಅವ್ವ ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸಿ, ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದರು. ಅಕ್ಕ ಆಗ ವಿಜಯಪುರಕ್ಕೆ ಹೋಗಿ ಬಂದು ಬಿ.ಎಸ್ಸಿ. ಓದುತ್ತಿದ್ದಳು. ನಾನು ಸಾಲಿ ಬಿಟ್ಟ ಕೂಡಲೇ ಪಾಟೀಚೀಲ ಒಗೆದು ಅವರ ಮನೆಗೆ ಓಡುತ್ತಿದ್ದೆ. ಕೀಲಿಮಣೆಯ ಮೇಲೆ ನನ್ನ ಬೆರಳು ಹಿಡಿದು ಕೂರಿಸಿದವಳು ಅವಳೇ. ಕರೆಂಟು ಹೋದರೆ, ನಮ್ಮೂರಲ್ಲಿ ಅದು ಹೋಗುವುದೇ ಹೆಚ್ಚು, ಅಕ್ಕ ಪಾಟಿಯ ಮೇಲೆ ಪ್ರೋಗ್ರಾಂ ಬರೆದು, “ಈಗ ನೀನ ಕಂಪ್ಯೂಟರ್ ಆಗು ಬೇ, ನಾ ಹೇಳಿದಷ್ಟ ಮಾಡು,” ಎನ್ನುತ್ತಿದ್ದಳು. ನಾನು ಹೇಳಿದ್ದಕ್ಕಿಂತ ಒಂದು ಹೆಚ್ಚು ಮಾಡಿದರೆ ತಲೆಗೊಂದು ಮೊಟಕುತ್ತಿದ್ದಳು. “ಶಾಣ್ಯಾತನ ಮಾಡಬ್ಯಾಡ. ಅದಕ್ಕ ಶಾಣ್ಯಾತನ ಇಲ್ಲ. ನಾವ ಬರದದ್ದನ್ನ ಅದು ಹೆಂಗ ತಿಳಕೋತೈತಿ ಅನ್ನೂದ ದೊಡ್ಡ ಶಾಸ್ತ್ರ ಐತಿ. ಅದನ್ನ ಒಂದ ದಿನ ಕಲೀಬೇಕು ನಾ.”

ಕಲಿಯುವ ಮೊದಲು ಮದುವೆಯಾಯಿತು. ಬಬಲೇಶ್ವರದ ಕಡೆ ನಿಡೋಣಿಗೆ ಕೊಟ್ಟರು.

ನಮ್ಮ ಗಡಿಭಾಗದ ಕೆಲವು ಮನೆತನಗಳಲ್ಲಿ ಇನ್ನೂ ಒಂದು ರೂಢಿ ಇದೆ. ಅಕ್ಷತೆ ಬಿದ್ದ ಮೇಲೆ ಹರಿವಾಣದಲ್ಲಿ ಅಕ್ಕಿ ಹರವಿ ವರನ ಮುಂದೆ ಇಡುತ್ತಾರೆ. ಅವನು ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಬದಲಾಗುವುದಿಲ್ಲ, ಹುಟ್ಟಿದಾಗ ತೊಟ್ಟಿಲಲ್ಲಿ ಕೂಗಿದ ಹೆಸರೇ ಹೋಗಿ ಬೇರೆ ಬರುತ್ತದೆ. ಅಕ್ಕನಿಗೆ ಬಂದದ್ದು ಅವಳ ಅತ್ತೆಯ ತಾಯಿಯ ಹೆಸರು. “ನಮ್ಮವ್ವ ತಿರುಗಿ ಮನಿಗೆ ಬಂದಂಗಾತು,” ಎಂದು ಆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಹೊಸ ಹೆಸರಿನವಳು ಒಡಪು ಕಟ್ಟಿ ಗಂಡನ ಹೆಸರು ಹೇಳಿದಳು, ಮತ್ತೆ ಚಪ್ಪಾಳೆ. ಇನ್ನು ಇವಳನ್ನು ಏನಂತ ಕರೆಯುವುದು ಎಂದು ನಾನು ಅವ್ವನನ್ನು ಕೇಳಿದೆ. “ನಿನಗ ಏನಾಗೇತಿ, ನೀ ಅಕ್ಕಾ ಅಂತಿದ್ದಿ, ಅಕ್ಕಾ ಅನ್ನು,” ಎಂದಳು ಅವ್ವ. ಅದು ಬಹಳ ಅನುಕೂಲದ ಉತ್ತರ. ಹಾಗಾಗಿ ಆ ಎರಡು ಹೆಸರುಗಳನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಒಂದನ್ನು ಬರೆದರೆ ಇನ್ನೊಂದು ಮುನಿಸಿಕೊಂಡೀತು.

ಆಮೇಲೆ ಅಕ್ಕ ಟಿಕೋಟಾಕ್ಕೆ ಬಂದದ್ದು ಪಂಚಮಿಗೋ ದೀಪಾವಳಿಗೋ ಅಷ್ಟೇ. ಮಗಳು ಹುಟ್ಟಿದಳು. ನಿಡೋಣಿಯ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಳೆ ಎಂದು ಕೇಳಿದ್ದೆ. ನಾನು ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆದು, ತೊರವಿಯ ಹೊರಗೆ ಬಯಲಲ್ಲಿ ಕಟ್ಟಿದ ಈ ಕಾಲೇಜಿನಲ್ಲಿ ಸೀಟು ಹಿಡಿದೆ. ವಿಷಯ ನೋಂದಣಿಯ ದಿನ ಸಾಲಿನಲ್ಲಿ ನಿಂತಿದ್ದಾಗ ಯಾರೋ ಹಿಂದಿನಿಂದ ನನ್ನ ತಲೆಗೆ ಮೊಟಕಿದರು.

“ಏನಬೇ, ನೀನೂ ಇಲ್ಲೇ ಬಂದೀಯೇನ?”

ತಿರುಗಿ ನೋಡಿದರೆ ಅಕ್ಕ! ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೆ ಮಗಳ ಶಾಲೆಯ ಹಳೆಯ ಬ್ಯಾಗು. ನನಗೆ ಕಲಿಸಿದವಳು ನನ್ನ ಜೊತೆಗೇ ಕಲಿಯಲು ಬಂದಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಸಾಲು ಬಿಟ್ಟು ಅವಳನ್ನು ತಬ್ಬಿಕೊಂಡೆ. ಅಕ್ಕನ ಹಿಂದಿದ್ದವಳು ಅದೇ ಸಮಯ ನೋಡಿ ಮುಂದೆ ನುಗ್ಗಿದಳು.

ಸಾಲಿನಲ್ಲೇ ಅಕ್ಕ ತನ್ನ ಕತೆ ಹೇಳಿದಳು. ಶಾಲೆಯವರು ಇನ್ನು ಮುಂದೆ ಸ್ನಾತಕೋತ್ತರ ಪದವಿ ಇದ್ದವರನ್ನು ಮಾತ್ರ ಇಟ್ಟುಕೊಳ್ಳುವುದಾಗಿ ಹೇಳಿದ್ದರು. ಓದುತ್ತಿದ್ದೇನೆ ಎಂದು ಈ ವರ್ಷವೇ ಕಾಗದ ತೋರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಗಂಡ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಒಪ್ಪಿಸಿದವರು ಅತ್ತೆ. “ಒಂದ ಸಲ ನೋಡೂನು. ಸೀಟ್ ಸಿಕ್ರ ಮನಿ ನಾ ನೋಡಕೋತೇನಿ. ಸಿಗಲಿಲ್ಲಂದ್ರ ಮತ್ತ ಆ ಮಾತ ತಗೀಬ್ಯಾಡ,” ಎಂದಿದ್ದರಂತೆ. ಸೀಟು ಸಿಕ್ಕಿತ್ತು. ಪ್ರವೇಶದ ಶುಲ್ಕವೂ ತುಂಬಿ ಆಗಿತ್ತು. ಇನ್ನು ಉಳಿದದ್ದು ವಿಷಯ ಆರಿಸಿ ಹೆಸರು ಹಚ್ಚುವ ಈ ನೋಂದಣಿಯೊಂದೇ. ಅದು ಆದರೆ ಎಲ್ಲ ಆದಂತೆ.

ಗೋಡೆಗೆ ಅಂಟಿಸಿದ ವಿಷಯಗಳ ಪಟ್ಟಿಯ ಮುಂದೆ ಅಕ್ಕ ನಿಂತದ್ದು ನೋಡಬೇಕಿತ್ತು. ಕಡ್ಡಾಯದ ವಿಷಯಗಳನ್ನು ಬಿಟ್ಟರೆ ನಮಗೆ ಆರಿಸಿಕೊಳ್ಳಲು ಇದ್ದದ್ದು ಒಂದು ಐಚ್ಛಿಕ. ಹುಡುಗಿಯರೆಲ್ಲ ಕೆಲಸ ಬೇಗ ಸಿಗುತ್ತದೆಂದು ಡೇಟಾ ಸೈನ್ಸಿಗೆ ಮುಗಿಬಿದ್ದಿದ್ದರು. ಅಕ್ಕ ಬೆರಳಿಟ್ಟದ್ದು ಕಂಪೈಲರ್ ವಿನ್ಯಾಸದ ಮೇಲೆ. “ಇದ ನೋಡು, ನಾ ಹೇಳತಿದ್ದೆನಲ್ಲ, ನಾವ ಬರದದ್ದನ್ನ ಅದು ಹೆಂಗ ತಿಳಕೋತೈತಿ ಅನ್ನೂದು. ಇದಕ್ಕ ಹೆಸರ ಹಚ್ಚೂನು, ಇಬ್ಬರೂ ಒಂದ ಬಾಕಿನ ಮ್ಯಾಲ ಕುಂಡ್ರೂನು.” ನನಗೆ ಕಂಪೈಲರ್ ಎಂದರೆ ಎದೆ ನಡುಗುತ್ತಿತ್ತು. ಆದರೂ ಹೂಂ ಅಂದೆ. ಒಂದೇ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತರೆ ಏನಾದರೂ ಅರ್ಥವಾದೀತು ಎಂಬ ಧೈರ್ಯ.

ನನ್ನ ನೋಂದಣಿ ಎರಡು ನಿಮಿಷದಲ್ಲಿ ಮುಗಿಯಿತು. ಅಕ್ಕನದು ಬಂದಾಗ ಪರದೆಯ ಮೇಲೆ ಕೆಂಪು ಅಕ್ಷರ. ಕಂಪ್ಯೂಟರ್ ಮುಂದೆ ಕೂತಿದ್ದ ಆಫೀಸಿನ ಸರ್ ಮತ್ತೊಮ್ಮೆ ಒತ್ತಿದರು. ಮತ್ತೆ ಕೆಂಪು.

“ಹೆಸರ ಮ್ಯಾಚ್ ಆಗವಲ್ದರಿ. ಮಾರ್ಕ್ಸ್ ಕಾರ್ಡಿನ್ಯಾಗ ಒಬ್ಬಾಕಿ, ಆಧಾರ್ ಕಾರ್ಡಿನ್ಯಾಗ ಇನ್ನೊಬ್ಬಾಕಿ. ನಾವ ಯಾರ್ನ ತಗೋಳೂನು?”

ಅಕ್ಕ ನಗುತ್ತಲೇ ಹೇಳಿದಳು, ಎರಡೂ ನಾನೇ ಎಂದು. ಪರೀಕ್ಷೆಗೆ ಅರ್ಜಿ ಹಾಕುವಾಗ ಮಾರ್ಕ್ಸ್ ಕಾರ್ಡಿನ ಹೆಸರು ಬರೆದಿದ್ದಳು, ಅಲ್ಲಿ ಆಧಾರ್ ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದರು. ಆಧಾರ್ ಮಾಡಿಸಿದ್ದು ಮದುವೆಯ ನಂತರ. ಅಡ್ಡಹೆಸರು ಬೇರೆಯಾದರೆ ಹೆಂಗೋ ನಡೆಯುತ್ತಿತ್ತು, ಇಲ್ಲಿ ಹೆಸರೇ ಬೇರೆ, ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲದ ಇಬ್ಬರು ಹೆಂಗಸರು ಪರದೆಯ ಮೇಲೆ ಅಕ್ಕಪಕ್ಕ ನಿಂತಿದ್ದರು. ಸರ್ ಏನು ಕೆಟ್ಟವರಲ್ಲ. ನೋಟರಿಯಿಂದ ಪ್ರಮಾಣಪತ್ರ ಮಾಡಿಸಿಕೊಂಡು ಬನ್ನಿ, ನಾಳೆ ಸಂಜೆಗೆ ಪೋರ್ಟಲ್ ಬಂದ್ ಆಗುತ್ತದೆ ಎಂದರು.

ಮರುದಿನ ನಾವಿಬ್ಬರೂ ವಿಜಯಪುರದಲ್ಲಿ ಅಲೆದ ಅಲೆದಾಟ! ಮದುವೆ ನೋಂದಣಿ ಮಾಡಿಸಿದ್ದೀರಾ ಎಂದು ನೋಟರಿ ಕೇಳಿದರು. ಮಾಡಿಸಿರಲಿಲ್ಲ, ನಮ್ಮ ಕಡೆ ಆಗ ಯಾರು ಮಾಡಿಸುತ್ತಿದ್ದರು? ಲಗ್ನಪತ್ರಿಕೆ ತಂದಿದ್ದಳು, ಅದರಲ್ಲಿ ಹಳೆಯ ಹೆಸರು. ರೇಷನ್ ಕಾರ್ಡಿನಲ್ಲಿ ಹೊಸದು. ಒಂದು ಇನ್ನೊಂದಾದ ಗಳಿಗೆಗೆ ಮಾತ್ರ ಎಲ್ಲೂ ಕಾಗದವಿರಲಿಲ್ಲ. ಅದನ್ನು ಅಕ್ಕಿಯಲ್ಲಿ ಬರೆದಿದ್ದರು, ಆ ಅಕ್ಕಿಯನ್ನು ಮರುದಿನ ಪಾಯಸಕ್ಕೆ ಹಾಕಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದರು ಅನ್ನುತ್ತಾರಲ್ಲ, ಹಾಗೆ ಅಕ್ಕ ತಾನು ತಾನೇ ಎನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ತಿರುಗಿದಳು. ಗಂಡನ ಹೆಸರು ಎರಡರಲ್ಲೂ ಒಂದೇ ಇದ್ದದ್ದರಿಂದ ಕೊನೆಗೆ ಲಗ್ನಪತ್ರಿಕೆಯನ್ನೇ ಆಧಾರ ಮಾಡಿಕೊಂಡು ನೋಟರಿ ಬರೆದುಕೊಡಲು ಒಪ್ಪಿದರು. ಟೈಪು ಮಾಡಿಸಲು ಸೊಲ್ಲಾಪುರ ರಸ್ತೆಯಲ್ಲಿ, ಗ್ಯಾರೇಜುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಅಂಗಡಿಗೆ ಹೋದೆವು. ಹೊರಗೆ ಲಾರಿಯ ಚಕ್ರಕ್ಕೆ ಸುತ್ತಿಗೆ ಬೀಳುತ್ತಿತ್ತು. ಅಕ್ಕ ಕಿವಿ ಮುಚ್ಚಿಕೊಂಡು ಪರದೆಯ ಮೇಲಿನ ಸಾಲು ಓದಿದಳು, ಆಮೇಲೆ ನನ್ನ ಕಡೆ ನೋಡಿದಳು.

“ನಾನೂ ನಾನೂ ಒಬ್ಬಾಕೀನ ಅಂತ ಆಣಿ ಮಾಡಿ ಬರಕೊಡಬೇಕಂತಬೇ,” ಎಂದಳು. ನಗಲು ಹೋದಳು. ನಗು ಬರಲಿಲ್ಲ.

ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಅಗಸಿ ಹಿಂಡಿ. ಕಟ್ಟಿಕೊಟ್ಟವರು ಅತ್ತೆ. ಅಕ್ಕ ಒಂದು ತುತ್ತು ತಿಂದು ಡಬ್ಬಿ ನನ್ನ ಕಡೆ ಸರಿಸಿದಳು. ಇದು ಆಗದಿದ್ದರೆ ಅತ್ತೆಗೆ ಕೊಟ್ಟ ಮಾತಿನಂತೆ ಮತ್ತೆ ಓದಿನ ಹೆಸರು ಎತ್ತುವಂತಿಲ್ಲ ಎನ್ನುವುದು ಅವಳ ಮುಖದ ಮೇಲೆಯೇ ಇತ್ತು. ನಾನು ಸುಮ್ಮನೆ ಅವಳ ಪಾಲನ್ನೂ ತಿಂದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಬಸ್ಸು ಹಿಡಿದು ತೊರವಿಗೆ ಬರುವಷ್ಟರಲ್ಲಿ ಸಾಲು ಕರಗಿತ್ತು. ಪೋರ್ಟಲ್ ಪ್ರಮಾಣಪತ್ರವನ್ನು ಕೇಳುವುದೂ ಇಲ್ಲ, ನೋಡುವುದೂ ಇಲ್ಲ. ಅದಕ್ಕೆ ಕೆಂಪು ಒಂದೇ ಗೊತ್ತು. ಆಗ ನಮ್ಮ ವಿಭಾಗದ ಹಿರಿಯ ಮೇಡಂ ಒಬ್ಬರು ಬಂದರು. ಅಕ್ಕನ ಕಾಗದಗಳನ್ನೆಲ್ಲ ನೋಡಿದರು. ಅವಳ ಅಂಕಗಳನ್ನು ನೋಡಿ ಹುಬ್ಬೇರಿಸಿದರು. “ಇವರದು ಕೈಯಿಂದ ತುಂಬಿಸೋಣ. ಮೇಲಿನವರ ಅನುಮತಿ ತಗೊಂಡು ನಾಳೆ ಆಫೀಸಿನಿಂದ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ತಾರೆ, ಆಮೇಲೆ ಸೇರಿಸ್ತಾರೆ. ನೀವು ಆರಾಮಾಗಿ ಮನೆಗೆ ಹೋಗ್ರಿ,” ಎಂದರು. ಅಕ್ಕನ ಕಣ್ಣಲ್ಲಿ ನೀರು ಬಂತು. ವಿಷಯಗಳ ಕಾಗದದ ಮೇಲೆ ಒಂದೊಂದಾಗಿ ಗುರುತು ಹಾಕಿದಳು. ಕಂಪೈಲರ್ ಮುಂದೆ ಹಾಕಿದ ಗುರುತು ಉಳಿದವಕ್ಕಿಂತ ದೊಡ್ಡದಾಯಿತು.

ಫೋನ್ ನಂಬರು ಕೇಳಿದರು. ಅಕ್ಕನ ಮೊಬೈಲನ್ನು ಮಗಳು ಕೆಡವಿ ಗಾಜು ಒಡೆದಿದ್ದಳು, ಅದು ರಿಪೇರಿಗೆ ಹೋಗಿತ್ತು. ಗಂಡ ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. “ಮನಿ ನಂಬರ್ ಕೊಡತೇನ್ರಿ, ನಮ್ಮ ಅತ್ತಿ ಕಡೆ ಇರತೈತಿ. ಯಾವಾಗ ಮಾಡಿದ್ರೂ ಎತ್ತತಾರ,” ಎಂದಳು. ನಾನೂ ಆ ನಂಬರನ್ನು ನನ್ನ ಫೋನಿನಲ್ಲಿ ಇಟ್ಟುಕೊಂಡೆ. ಅವತ್ತು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಬಬಲೇಶ್ವರದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ, “ಸೋಮವಾರ ಬಾಕ ಹಿಡದಿಡು,” ಎಂದು ಕೂಗಿದಳು.

ಸೋಮವಾರ ನಾನು ಹಿಡಿದಿಟ್ಟೆ. ಕಿಟಕಿಯ ಹತ್ತಿರದ ಎರಡನೆಯ ಬಾಕು. ಅಕ್ಕ ಹೊಸ ಸೀರೆ ಉಟ್ಟು ಬಂದಳು, ಎಣ್ಣೆ ಹಚ್ಚಿ ಬಿಗಿದ ಜಡೆ, ಸಾಲಿಯ ಮೊದಲ ದಿನದ ಹುಡುಗಿಯಂತೆ. ಮೇಡಂ ಹಾಜರಿ ಕೂಗಿದರು. ಎಲ್ಲರ ಹೆಸರು ಬಂತು. ನನ್ನದೂ ಬಂತು. ಅಕ್ಕನ ಹಳೆಯ ಹೆಸರೂ ಬರಲಿಲ್ಲ, ಹೊಸದೂ ಬರಲಿಲ್ಲ. ಕೊನೆಗೆ ನಮಗೆ ಗೊತ್ತಿಲ್ಲದ ಇನ್ನೊಂದು ಹೆಸರು ಬಂತು, ಹಿಂದಿನ ಬಾಕಿನಿಂದ ಒಬ್ಬ ಹುಡುಗಿ ಎದ್ದು ಹಾಜರಿ ಕೊಟ್ಟಳು.

ಇಬ್ಬರೂ ಆಫೀಸಿಗೆ ಓಡಿದೆವು. ಅದೇ ಸರ್ ಇದ್ದರು. ಅಕ್ಕನನ್ನು ನೋಡಿ ಅವರೇ ಬೆರಗಾದರು.

“ಫೋನ್ ಮಾಡಿದ್ವಿಲ್ರಿ ನಿಮ್ಮ ಮನಿಗೆ! ಹೆಸರ ಹೇಳಿ, ಅದಾರೇನ್ರಿ ಅಂದ್ವಿ. ಆ ಹೆಸರಿನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ, ರಾಂಗ್ ನಂಬರ್ ಅಂತ ಹೇಳಿ, ನಾವ ಕಾಲೇಜಿಂದ ಅನ್ನೂದರಾಗ ಇಟ್ಟರು. ಎರಡನೇ ಸಲ ಮಾಡಿದ್ರೂ ಹಂಗ ಅಂದ್ರು. ಮದಲ ಹೆಸರಿಂದ ಗೊಂದಲ, ಮ್ಯಾಲ ಮನಿಯವರ ಇಲ್ಲ ಅಂತಾರ. ಖೊಟ್ಟಿ ಕೇಸ್ ಅಂತ ತೆಗೆದಬಿಟ್ರು. ವೇಟಿಂಗ್ ಲಿಸ್ಟಿನಾಕೀನ ತಗೊಂಡ್ರು.”

ನನಗೆ ರಕ್ತ ನೆತ್ತಿಗೇರಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂದು ಅಲ್ಲೇ ಕೂಗಾಡಿದೆ. ಆಮೇಲೆ ನನ್ನ ಸಿಟ್ಟು ಅತ್ತೆಯ ಕಡೆ ತಿರುಗಿತು. ಬೇಕೆಂದೇ ಹೇಳಿದ್ದಾಳೆ ಮುದುಕಿ, ಸೊಸೆ ಓದುವುದು ಬೇಡವಾಗಿತ್ತು ಎಂದೆ. ಅಕ್ಕ ನನ್ನ ಮುಂಗೈ ಹಿಡಿದು ಜೋರಾಗಿ ಅದುಮಿದಳು. “ಅತ್ತಿ ಸುಳ್ಳ ಹೇಳಂಗಿಲ್ಲ,” ಎಂದಳು. “ಅವರಿಗೆ ಆ ಹೆಸರಿನಾಕಿ ಯಾರೂ ಇಲ್ಲಬೇ. ಕೇಳಿ ಎಷ್ಟ ವರ್ಷ ಆತು. ನನಗರೆ ಎಲ್ಲಿ ನೆನಪಿತ್ತು?”

ನಿಜವಾಗಿ ಆದದ್ದೂ ಅದೇ. ಫೋನ್ ಬಂದಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಫೋನ್ ಇಟ್ಟು, ಯಾರೋ ಯಾರನ್ನೋ ಕೇಳುತ್ತಾರೆ, ಎರಡೆರಡು ಸಲ ಮಾಡುತ್ತಾರೆ, ದಿನಾ ಇದೇ ಆಯಿತು ಎಂದು ಒಳಗಿನಿಂದಲೇ ಗೊಣಗಿದ್ದರಂತೆ. ಕಾಲೇಜಿನವರು ತನ್ನನ್ನು ಹಳೆಯ ಹೆಸರಿನಿಂದ ಕೇಳುತ್ತಾರೆ ಎಂದು ಅಕ್ಕನಿಗೂ ಹೊಳೆದಿರಲಿಲ್ಲ, ಕೇಳಿಸಿಕೊಂಡು ನಕ್ಕಿದ್ದಳಂತೆ.

ಮರುದಿನ ಬೆಳಿಗ್ಗೆ ಮೊದಲ ತರಗತಿ ಇನ್ನೂ ಶುರುವಾಗಿರಲಿಲ್ಲ. ವರಾಂಡದಲ್ಲಿ ಅಕ್ಕನ ಜೊತೆ ಅವಳ ಅತ್ತೆ ನಿಂತಿದ್ದರು. ಇಳಕಲ್ ಸೀರೆ, ತಲೆ ತುಂಬ ಸೆರಗು, ಬಸ್ಸಿನ ಧೂಳು. ರಾತ್ರಿಯೆಲ್ಲ ಅತ್ತ ಕಣ್ಣು. ನಾನು ಹಿಂದಿನ ದಿನ ಬೈದದ್ದನ್ನೆಲ್ಲ ಒಳಗೇ ನುಂಗಿಕೊಂಡೆ. ಅವರು ನೇರ ಆಫೀಸಿಗೆ ನುಗ್ಗಿದರು. ಹಿರಿಯ ಮೇಡಂ ಕೂಡ ಅಲ್ಲೇ ಇದ್ದರು. ಯಾರಿಗೆ ಹೇಳಬೇಕೆಂದು ತಿಳಿಯದೆ ಅತ್ತೆ ಕಂಪ್ಯೂಟರಿನ ಕಡೆಗೇ ಕೈಮುಗಿದು ನಿಂತರು.

“ತಪ್ಪ ನಂದೈತ್ರಿ. ಈಕಿ ನಮ್ಮ ಸೊಸಿನ್ರಿ. ಫೋನಿನ್ಯಾಗ ನೀವ ಕೇಳಿದ ಹೆಸರ ನನಗ ಗುರ್ತ ಹತ್ತಲಿಲ್ಲ. ಹೆಸರ ಇಟ್ಟಾಕಿ ನಾನ ಅದೇನಿ. ಬ್ಯಾಡಾದ್ರ ತಗೀತೇನ್ರಿ. ಇಟ್ಟವರಿಗೆ ತಗ್ಯಾಕ ಬರಂಗಿಲ್ಲೇನು? ನಿಮ್ಮ ಮಶೀನಿಗೆ ಯಾವ ಹೆಸರ ಬೇಕ ಅದನ್ನ ಇಟಗೋರಿ, ಹುಡುಗೀನ ಅಷ್ಟ ಒಳಗ ತಗೋರಿ.”

ಸರ್ ಎದ್ದು ನಿಂತು ಅವರಿಗೆ ಕುರ್ಚಿ ಕೊಟ್ಟರು. ಪೋರ್ಟಲ್ ಮುಚ್ಚಿಹೋಗಿದೆ, ಸೀಟು ತುಂಬಿದೆ, ನಮ್ಮ ಕೈಯಲ್ಲಿ ಏನೂ ಉಳಿದಿಲ್ಲ ಎಂದು ಮೇಡಂ ಮೆಲ್ಲಗೆ ಹೇಳಿದರು. ಒಂದು ಸಲ ಹೇಳಿದರು, ಎರಡು ಸಲ ಹೇಳಿದರು. ಅತ್ತೆಗೆ ಅದು ಒಳಗೆ ಇಳಿಯಲಿಲ್ಲ. ಬಾಗಿಲು ಮುಚ್ಚಿದರೆ ತೆಗೆಯಬಹುದಲ್ಲ ಎಂದರು. ಸೀಟು ಯಾರಿಗೆ ಹೋಗಿದೆ, ಅವಳನ್ನು ತೋರಿಸಿ, ನಾನು ಕಾಲು ಹಿಡಿದು ಕೇಳುತ್ತೇನೆ ಎಂದರು. ಅಕ್ಕ ಬೇಡ ಅತ್ತಿ, ಬೇಡ ಅತ್ತಿ ಎನ್ನುತ್ತಿದ್ದಂತೆ ನಮ್ಮ ತರಗತಿಯ ಬಾಗಿಲಿಗೇ ಬಂದುಬಿಟ್ಟರು.

ಆ ಹುಡುಗಿ ಹಿಂದಿನ ಬಾಕಿನಲ್ಲಿ ಒಬ್ಬಳೇ ಕೂತಿದ್ದಳು. ಬಡಕಲು ಹುಡುಗಿ. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಇವರು ಹತ್ತಿರ ಬರುವುದನ್ನು ನೋಡಿ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. ಅತ್ತೆ ಅವಳ ಮುಂದೆ ನಿಂತರು. ಅವಳ ತಲೆಯ ಮೇಲೆ ಕೈ ಇಟ್ಟರು.

“ನೀ ಕಲಿ ಯವ್ವಾ,” ಎಂದು ತಿರುಗಿ ನಡೆದರು.

ಅಕ್ಕ ಅವರ ಹಿಂದೆ ಹೋದಳು. ನಾನು ಗೇಟಿನವರೆಗೂ ಹೋದೆ. ಅಕ್ಕ ಅಳಲಿಲ್ಲ. ಅತ್ತೆಯ ಸೆರಗಿನ ಧೂಳು ಕೊಡವಿದಳು, ಬಿಸಿಲು ಹತ್ತೀತು ಎಂದು ಅವರನ್ನು ಗಿಡದ ನೆರಳಿಗೆ ನಿಲ್ಲಿಸಿದಳು. “ಮುಂದಿನ ವರ್ಷ ನೋಡೂನು,” ಎಂದು ನನಗೆ ಹೇಳಿದಳು. ಬಸ್ಸು ಬಂತು. ಕಂಪೈಲರ್ ತರಗತಿಯಲ್ಲಿ ಇಡೀ ಸೆಮಿಸ್ಟರ್ ನಾನು ಕಿಟಕಿಯ ಹತ್ತಿರದ ಬಾಕಿನಲ್ಲಿ ಒಬ್ಬಳೇ ಕೂತೆ. ಹೆಂಗೋ ಪಾಸಾದೆ.

ಮುಂದಿನ ವರ್ಷ ಬಂತು, ಆ ಹೊತ್ತಿಗೆ ಶಾಲೆಯ ಕೆಲಸ ಹೋಗಿತ್ತು. ಪ್ರವೇಶ ಪರೀಕ್ಷೆಯ ದಿನ ಅವಳ ಅಪ್ಪ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದರು, ಅಕ್ಕ ಅವರ ಮಂಚದ ಪಕ್ಕ. ಅದರ ಮುಂದಿನ ವರ್ಷ ಇನ್ನೇನೋ... ನೆಪ ಎನ್ನಲಾರೆ, ಎಲ್ಲವೂ ನಿಜವಾದ ತಾಪತ್ರಯಗಳೇ. ಒಮ್ಮೆ ಟಿಕೋಟಾದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತಿದ್ದೆವು. ಅಕ್ಕ ಸೊರಗಿದ್ದಳು. ಎಲೆಯ ಮೇಲಿನ ಅನ್ನ ಕಲಸುತ್ತ, ಕಲಸುತ್ತ, ಅತ್ತೆ ಈಗ ತನ್ನನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ ಎಂದಳು. ಅವತ್ತು ಕಾಲೇಜಿನಿಂದ ಹಿಂದಿರುಗಿದ ದಿನದಿಂದ ತಮ್ಮ ತಾಯಿಯ ಹೆಸರನ್ನು ಬಿಟ್ಟುಬಿಟ್ಟಿದ್ದರಂತೆ. ಮತ್ತೆ ಫೋನ್ ಬಂದರೆ ಬಾಯಿ ತಪ್ಪಬಾರದು ಎಂದು ದಿನವೂ ರೂಢಿ ಮಾಡಿಕೊಳ್ಳುತ್ತಿದ್ದರಂತೆ.

“ಕರದಾಗೊಮ್ಮೆ ಎದಿ ಝಲ್ ಅಂತೈತಬೇ,” ಎಂದಳು ಅಕ್ಕ. “ಆಫೀಸಿಂದ ಫೋನ್ ಬಂತೇನೋ ಅಂತ ಎದ್ದ ನಿಂದರತೇನಿ. ನೋಡಿದ್ರ, ಚಾ ಮಾಡಾಕ ಕರದಿರತಾರ.”

ಅದೇ ಕೊನೆಯ ಭೇಟಿ. ಮಾಸ್ತರರು ತೀರಿಕೊಂಡರು, ಟಿಕೋಟಾದ ಆ ಮನೆಯನ್ನು ಅಕ್ಕನ ತಮ್ಮ ಮಾರಿ ಬೇರೆ ಕಡೆ ಹೋದ. ಸುದ್ದಿ ಬರುವ ದಾರಿಯೇ ಮುಚ್ಚಿತು. ನನಗೆ ಇದೇ ವಿಭಾಗದಲ್ಲಿ ಕೆಲಸ ಸಿಕ್ಕಿತು. ನನ್ನ ಮದುವೆಯಲ್ಲಿ ಅಕ್ಕಿಯ ಹರಿವಾಣ ಬಂದಾಗ ನಾನು ಅದನ್ನು ಹಿಂದಕ್ಕೆ ಸರಿಸಿದೆ, ಎರಡು ದಿನ ಬೀಗರು ಮುಖ ಊದಿಸಿಕೊಂಡಿದ್ದರು.

ಈ ವರ್ಷ ನಮ್ಮಲ್ಲಿ ಕೆಲವು ಸೀಟು ಖಾಲಿ ಉಳಿದಿವೆ. ವೇಟಿಂಗ್ ಲಿಸ್ಟೂ ಮುಗಿದಿದೆ. ಪ್ರವೇಶ ಪರೀಕ್ಷೆ ಬರೆಯದವರೂ ನೇರವಾಗಿ ಬರಬಹುದು ಎಂದು ಆದೇಶ ಬಂದಿದೆ. ಹೆಸರು ಬೇರೆ ಇದ್ದವರದು ಈಗ ಪ್ರಮಾಣಪತ್ರದ ಮೇಲೆ ನಡೆಯುತ್ತದೆ, ಅದಕ್ಕೆಂದೇ ಪೋರ್ಟಲಿನಲ್ಲಿ ಒಂದು ಜಾಗ ಮಾಡಿದ್ದಾರೆ. ಎಣ್ಣೆಯ ಕವರಿನ ಆ ಹುಡುಗಿ ಹೋದ ಮೇಲೆ ನನ್ನ ತಲೆಯಲ್ಲಿ ಅದೇ ಆಯಿತು. ಅಕ್ಕನಿಗೆ ಈಗ ವಯಸ್ಸೇನು ಮಹಾ. ಮಗಳೂ ದೊಡ್ಡವಳಾಗಿರಬೇಕು. ಇವತ್ತು ಮಧ್ಯಾಹ್ನ ಸಾಲು ಕರಗಿದ ಮೇಲೆ ಫೋನಿನಲ್ಲಿ ಆ ನಂಬರು ಹುಡುಕಿ ಒತ್ತಿದೆ. ಹತ್ತುತ್ತದೆಂದು ನಂಬಿಕೆ ಇರಲಿಲ್ಲ. ಹತ್ತಿತು.

“ಯಾರ್ರಿ?” ವಯಸ್ಸಾದ ದನಿ.

ತೊರವಿ ಕಾಲೇಜಿನಿಂದ ಮಾತಾಡುತ್ತಿದ್ದೇನೆ ಎಂದೆ. ಮಾರ್ಕ್ಸ್ ಕಾರ್ಡಿನ ಹೆಸರು ಹೇಳಿ, ಅದಾರೇನ್ರಿ ಎಂದು ಕೇಳಿದೆ.

“ಅದಾಳ್ರಿ! ಅದಾಳ! ನಮ್ಮ ಸೊಸಿನ್ರಿ, ಇದ ಮನೀರಿ! ಫೋನ್ ಇಡಬ್ಯಾಡ್ರಿ ಯವ್ವಾ, ಇಡಬ್ಯಾಡ್ರಿ, ಈಗ ಕರೀತೇನಿ...”

ಫೋನನ್ನು ಎಲ್ಲೋ ಇಟ್ಟ ಸದ್ದು. ಅವಸರದ ಹೆಜ್ಜೆ. ಹಿತ್ತಲ ಕಡೆ ಮುಖ ಮಾಡಿ ಅವರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕನ ಹಳೆಯ ಹೆಸರು. ಒಂದು ಸಲ, ಇನ್ನೊಂದು ಸಲ. ಮೂರನೆಯದು ಅರ್ಧಕ್ಕೆ ನಿಂತಿತು. ಆಮೇಲೆ ನಳದ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಅವರು ಫೋನ್ ಎತ್ತಿಕೊಂಡರು.

“ಹ್ವಾದ ವರ್ಷ ಹೋದಳವ್ವಾ... ಕಾಮಣಿ ಆಗಿ ಕಣ್ಣ ಹಳದಿ ಆಗಿದ್ವು. ಭಾಳ ದಿನಾ ಹಾಸಿಗಿ ಹಿಡೀಲಿಲ್ಲ. ಈ ಹೆಸರ ಯಾರರೆ ಕೇಳಿದ್ರ ಅದಾಳ ಅನ್ನೂದ ಬಾಯಿಗೆ ರೂಢಿ ಆಗಿಬಿಟ್ಟೈತಿ.”

ನಾನು ಯಾರೆಂದು ಹೇಳಿದೆ, ಟಿಕೋಟಾದ ಬಾಜೂಮನಿ ಹುಡುಗಿ ಎಂದು. ಅವರಿಗೆ ನೆನಪಾಯಿತೋ ಇಲ್ಲವೋ.

“ಯವ್ವಾ, ಈಗರೆ ಹೆಸರ ಹಚ್ಚೀರೇನ ಆಕೀದು?” ಎಂದು ಕೇಳಿದರು.

“ಹಚ್ಚೇನ್ರಿ,” ಎಂದೆ.

“ಯಾವದ ಹಚ್ಚೀರಿ?”

“ಎರಡೂ ಹಚ್ಚೇನ್ರಿ ಅತ್ತಿ.”

“ಛಲೋ ಆತು. ಹಂಗಾದ್ರ ಇನ್ನ ಯಾರೂ ತಪ್ಪಂಗಿಲ್ಲ,” ಎಂದು ಫೋನ್ ಇಟ್ಟರು. ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ. ಸೀಟು ಖಾಲಿ ಇದೆ, ಅಕ್ಕ ಇಲ್ಲ.